ಮಧ್ಯಾಹ್ನ ನೆಲದ ಆಟ, ರಾತ್ರಿ ಚೆಂಡಿನ ಆಟ

ಕಾಖಂಡಕಿಯ ಸುತ್ತಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿದು ಬಿಸಿಲು ಏರಿದಂತೆ ನೆಲ ಬಿರಿಯತೊಡಗುತ್ತದೆ. ಅಂಥ ನೆಲದಲ್ಲಿ ಚೆಂಡಾಡಿದ ಹುಡುಗರಿಗೆ ಒಂದು ಸಂಗತಿ ಪುಸ್ತಕ ಓದದೆಯೇ ಗೊತ್ತು: ಬಿರುಕಿನ ಅಂಚಿಗೆ ಬಿದ್ದ ಚೆಂಡು ಎತ್ತ ತಿರುಗುತ್ತದೆಂದು ಎಸೆದವನೂ ಹೇಳಲಾರ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಹಸಿಯಿದ್ದಾಗ ಉಬ್ಬಿ ಅಂಟಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಕ್ರಿಕೆಟ್ ಪಿಚ್ ಕೂಡ ಜೇಡಿ ಬೆರೆತ ಮಣ್ಣಿಗೆ ನೀರುಣಿಸಿ, ರೋಲರ್ ಎಳೆದು ಗಟ್ಟಿಗೊಳಿಸಿದ 22 ಗಜದ ನೆಲವೇ. ಹೊನಲು ಬೆಳಕಿನ ಟೆಸ್ಟ್ ಎಂದೊಡನೆ ಎಲ್ಲರೂ ಗುಲಾಬಿ ಬಣ್ಣದ ಚೆಂಡಿನ ಮಾತನ್ನಾಡುತ್ತಾರೆ. ಆದರೆ ಕರ್ನಾಟಕದಲ್ಲಿ ನಡೆದ ಮೊದಲ ಹಗಲು-ರಾತ್ರಿ ಟೆಸ್ಟ್‌ನಲ್ಲಿ ನೆಲದ ಪಾಲೂ ಅಷ್ಟೇ ದೊಡ್ಡದಿತ್ತು.

ದೀಪದ ಬೆಳಕಿಗೆ ಹೊಸ ಬಣ್ಣ ಏಕೆ ಬೇಕಾಯಿತು? ಕೆಂಪು ಚೆಂಡು ದೀಪಗಳ ಕೆಳಗೆ ಕಂದಾಗಿ ಕಾಣುತ್ತದೆ. ಸವೆದ ಪಿಚ್‌ನ ಬಣ್ಣದಲ್ಲಿ ಬೆರೆತುಹೋಗುತ್ತದೆ. ಏಕದಿನ ಪಂದ್ಯಗಳ ಬಿಳಿ ಚೆಂಡು ಬೇಗ ಮಾಸುತ್ತದೆ, ಮೇಲಾಗಿ ಟೆಸ್ಟ್ ಆಟಗಾರರ ಉಡುಪೂ ಬಿಳಿ. ಭಾರತದಲ್ಲಿ 1997ರ ಏಪ್ರಿಲ್‌ನಲ್ಲೇ ಗ್ವಾಲಿಯರ್‌ನಲ್ಲಿ ಮುಂಬೈ-ದೆಹಲಿ ನಡುವಣ ರಣಜಿ ಫೈನಲ್ ಪಂದ್ಯವನ್ನು ಬಿಳಿ ಚೆಂಡಿನಲ್ಲಿ, ದೀಪದ ಬೆಳಕಿನಲ್ಲಿ ಆಡಿಸಲಾಗಿತ್ತು. ಟೆಸ್ಟ್ ಮಟ್ಟಕ್ಕೆ ಈ ಪ್ರಯೋಗ ಏರಿದ್ದು 2015ರ ನವೆಂಬರ್‌ನಲ್ಲಿ, ಅಡಿಲೇಡ್‌ನ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಪಂದ್ಯದಲ್ಲಿ. ಅಷ್ಟರೊಳಗೆ ಗುಲಾಬಿ ಬಣ್ಣ ಆಯ್ಕೆಯಾಗಿತ್ತು.

ಕೆಂಪು ಚೆಂಡಿನಲ್ಲಿ ಬಣ್ಣ ತೊಗಲಿನೊಳಗೆ ಇಳಿದಿರುತ್ತದೆ. ಗುಲಾಬಿ ಚೆಂಡಿನ ಬಣ್ಣ ಉಳಿಯಬೇಕಾದರೆ ಮೇಲೊಂದು ಹೆಚ್ಚಿನ ಮೆರುಗಿನ ಲೇಪ ಬೇಕು. ದಾಂಡಿಗನಿಗೆ ಹೊಲಿಗೆ ಕಾಣಲೆಂದು ಕಪ್ಪು ದಾರ ಹಾಕುತ್ತಾರೆ. ಆ ಲೇಪ ಇರುವಷ್ಟು ಹೊತ್ತು ಚೆಂಡು ನುಣುಪಾಗಿದ್ದು, ಗಾಳಿಯಲ್ಲಿ ಚಲಿಸುತ್ತದೆ, ನೆಲಕ್ಕೆ ಬಿದ್ದು ರಭಸದಿಂದ ಜಾರಿ ಬರುತ್ತದೆ. ಒರಟು ನೆಲದಲ್ಲಿ ಲೇಪ ಬೇಗ ಕಿತ್ತುಹೋಗುವುದರಿಂದ ಪಿಚ್ ಮೇಲೆ ತುಸು ಹೆಚ್ಚು ಹುಲ್ಲು ಬಿಡುವ ರೂಢಿ ಬಂತು. ಹುಲ್ಲು ಚೆಂಡನ್ನು ಕಾಯುತ್ತದೆ. ಜೊತೆಗೆ ವೇಗದ ಬೌಲರ್‌ಗಳಿಗೂ ನೆರವಾಗುತ್ತದೆ.

2019ರ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಭಾರತದ ಮೊದಲ ಹಗಲು-ರಾತ್ರಿ ಟೆಸ್ಟ್‌ನಲ್ಲಿ ಇದು ಎದ್ದು ಕಂಡಿತು. ಬಾಂಗ್ಲಾದೇಶ ಕಳೆದುಕೊಂಡ 19 ವಿಕೆಟ್‌ಗಳೂ ವೇಗಿಗಳ ಪಾಲಾದವು. 2021ರ ಫೆಬ್ರುವರಿಯಲ್ಲಿ ಅಹಮದಾಬಾದ್‌ನ ಒಣ ಪಿಚ್ ಮೇಲೆ ಕಥೆ ತಲೆಕೆಳಗಾಯಿತು. ಅಲ್ಲಿ ಬಿದ್ದ 30 ವಿಕೆಟ್‌ಗಳಲ್ಲಿ 28 ಸ್ಪಿನ್ನರ್‌ಗಳಿಗೆ ದಕ್ಕಿದವು. ಇಂಗ್ಲೆಂಡ್ ವಿರುದ್ಧ 11 ವಿಕೆಟ್ ಪಡೆದ ಅಕ್ಷರ್ ಪಟೇಲ್‌ಗೆ ತಿರುವಿನಷ್ಟೇ ನೆರವಾದದ್ದು, ತಿರುಗದೆ ನೇರ ಜಾರಿ ಬಂದ ಎಸೆತ. ಪಂದ್ಯ ಎರಡೇ ದಿನಕ್ಕೆ ಮುಗಿಯಿತು. ಚೆಂಡು ಎರಡೂ ಕಡೆ ಗುಲಾಬಿಯೇ; ಬದಲಾಗಿದ್ದು ನೆಲ.

ಬೆಂಗಳೂರಿನ ಸರದಿ ಬಂದದ್ದು 2022ರ ಮಾರ್ಚ್ 12ರಂದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ವಿರುದ್ಧದ ಪಂದ್ಯ ಮಧ್ಯಾಹ್ನ 2 ಗಂಟೆಗೆ ಆರಂಭವಾಯಿತು. ಮೊದಲ ದಿನವೇ ಚೆಂಡು ಸಿಕ್ಕಾಪಟ್ಟೆ ತಿರುಗಿತು. ಭಾರತದ 252 ರನ್‌ಗಳಲ್ಲಿ ಶ್ರೇಯಸ್ ಅಯ್ಯರ್ ಒಬ್ಬರದೇ 92. ಉರುಳಿದ 10 ವಿಕೆಟ್‌ಗಳಲ್ಲಿ 8 ಸ್ಪಿನ್ನರ್‌ಗಳಿಗೆ. ದೀಪಗಳು ಬೆಳಗಿದ ಮೇಲೆ ಚಿತ್ರವೇ ಬೇರೆ. ಬೂಮ್ರಾ, ಶಮಿ ಹೊಸ ಚೆಂಡು ಹಿಡಿದರು. ಆಟ ನಿಂತಾಗ ಶ್ರೀಲಂಕಾ 6 ವಿಕೆಟ್‌ಗೆ 86. ಅವುಗಳಲ್ಲಿ 5 ಇವರಿಬ್ಬರಿಗೆ ಸೇರಿದ್ದವು. ಮಧ್ಯಾಹ್ನ ನೆಲ ಆಡಿತು, ರಾತ್ರಿ ಚೆಂಡು ಆಡಿತು. ದಾಂಡಿಗನಿಗೆ ಎರಡೂ ಹೊತ್ತು ನೆಲೆಯಿಲ್ಲ. ಒಂದೇ ದಿನ 16 ವಿಕೆಟ್ ಬಿದ್ದವು.

ಮೂರನೆಯ ದಿನ ಶ್ರೀಲಂಕಾ ನಾಯಕ ದಿಮುತ್ ಕರುಣಾರತ್ನೆ ಅದೇ ಪಿಚ್ ಮೇಲೆ 107 ರನ್ ಗಳಿಸಿದರು. ಆದರೂ ಭಾರತ ಅಂದೇ 238 ರನ್‌ಗಳಿಂದ ಗೆದ್ದಿತು. ಗೆದ್ದವರ ಸಂಭ್ರಮ ಇಳಿದ ಮೇಲೆ ತೀರ್ಪೊಂದು ಬಂತು. ಮ್ಯಾಚ್ ರೆಫರಿ ಈ ಪಿಚ್ಚನ್ನು 'ಸರಾಸರಿಗಿಂತ ಕೆಳಮಟ್ಟದ್ದು' ಎಂದು ಗುರುತಿಸಿದರು. ಮೊದಲ ದಿನವೇ ತಿರುವು ವಿಪರೀತವಾಗಿತ್ತು, ಬಳಿಕ ಪಿಚ್ ಸುಧಾರಿಸಿದರೂ ಬ್ಯಾಟು-ಚೆಂಡಿನ ಸ್ಪರ್ಧೆ ಸಮಬಲದ್ದಾಗಿರಲಿಲ್ಲ ಎಂಬುದು ಅವರ ಅಭಿಪ್ರಾಯ. ಹಾಗೆ ಬರೆದವರು ಹೊರಗಿನವರಲ್ಲ. ಇದೇ ರಾಜ್ಯದ ಪರ ಆಡಿ, ಟೆಸ್ಟ್‌ನಲ್ಲಿ 236 ವಿಕೆಟ್ ಪಡೆದ ಮೈಸೂರಿನ ಜಾವಗಲ್ ಶ್ರೀನಾಥ್. ಕ್ರೀಡಾಂಗಣದ ಲೆಕ್ಕಕ್ಕೆ ಒಂದು ಋಣಾಂಕ ಬಿತ್ತು. ಅಂದಿನ ನಿಯಮದಂತೆ ಐದು ವರ್ಷದೊಳಗೆ ಅಂಥ ಐದು ಸೇರಿದರೆ ಒಂದು ವರ್ಷ ಅಂತರರಾಷ್ಟ್ರೀಯ ಪಂದ್ಯ ಇಲ್ಲ.

ಚಿನ್ನಸ್ವಾಮಿಯ ನೆಲಕ್ಕೆ ಈ ಗುಣ ಹೊಸದೇನಲ್ಲ. 1987ರ ಮಾರ್ಚ್‌ನಲ್ಲಿ, ಹಗಲಿನಲ್ಲಿ, ಕೆಂಪು ಚೆಂಡಿನಲ್ಲಿ ಪಾಕಿಸ್ತಾನ ಇಲ್ಲೇ 116ಕ್ಕೆ ಕುಸಿದಿತ್ತು. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಕಿತ್ತಿದ್ದರು. ಇಕ್ಬಾಲ್ ಖಾಸಿಮ್ ಮತ್ತು ತೌಸೀಫ್ ಅಹ್ಮದ್ ತಲಾ 9 ವಿಕೆಟ್ ಪಡೆದು ಭಾರತವನ್ನು 16 ರನ್‌ಗಳಿಂದ ಸೋಲಿಸಿದರು. ಆ ಪಿಚ್ ಮೇಲೆ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ ಗಳಿಸಿದ 96 ಇಂದಿಗೂ ಮಾತಿನಲ್ಲಿದೆ. ಆದರೆ ಅಂದು ದಾಂಡಿಗನ ಎದುರಿಗಿದ್ದದ್ದು ನೆಲದ ಪರೀಕ್ಷೆಯೊಂದೇ. ಸಂಜೆ ದೀಪದಡಿ ಜಾರಿ ಬರುವ ಇನ್ನೊಂದು ಚೆಂಡಿನ ಭಯ ಇರಲಿಲ್ಲ.

ಕೆಲಸ ಮುಗಿಸಿ ಬರುವ ಜನರನ್ನು ಟೆಸ್ಟ್ ಪಂದ್ಯಕ್ಕೆ ಸೆಳೆಯಬೇಕು ಎಂಬುದು ದೀಪ ಬೆಳಗಿಸಿದ್ದರ ಉದ್ದೇಶ. ಕೋಲ್ಕತ್ತ, ಅಹಮದಾಬಾದ್, ಬೆಂಗಳೂರು ಪಂದ್ಯಗಳಿಗೆ ಒಟ್ಟು 15 ದಿನ ಗೊತ್ತಾಗಿತ್ತು. ಆಟ ನಡೆದದ್ದು 8 ದಿನ. ನಾಲ್ಕನೆಯ ಸಂಜೆ ಕ್ರೀಡಾಂಗಣಕ್ಕೆ ಬರಬೇಕೆಂದುಕೊಂಡವನಿಗೆ ಎಲ್ಲಿಯೂ ಪಂದ್ಯವೇ ಉಳಿದಿರಲಿಲ್ಲ. ಚೆಂಡಿನ ಬಣ್ಣ ಕಾರ್ಖಾನೆಯಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ತಕ್ಕ ನೆಲವನ್ನು ಸಿದ್ಧಪಡಿಸುವುದು ಮಾತ್ರ ಪಿಚ್ ಕಾಯುವವರ ಕೈಯಲ್ಲಿದೆ.