ಚೌಕಟ್ಟಿಗೂ ಒಡಲಿಗೂ ನಡುವೆ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನ್ನಿನ ಪರಾಕ್ರಮವನ್ನೂ ಪಂದ್ಯಗಳ ವೇಗವನ್ನೂ ಹೊರಮೈಯ ಲಾವಣ್ಯವನ್ನೂ ವರ್ಣಿಸಿ ತೃಪ್ತರಾಗಿರುವುದುಂಟು. ಆದರೆ ಅಮೆರಿಕದ ಹಳೆಯ ಕಾರುಗಳನ್ನು ತಮ್ಮ ಕೈಯಿಂದಲೇ ದುರಸ್ತಿಮಾಡಿ ಉಳಿಸಿಕೊಂಡು ಬಂದಿರುವ ಗೃಹಸ್ಥರ ಅನುಭವವನ್ನು ಪ್ರಮಾಣವಾಗಿ ಸ್ವೀಕರಿಸುವುದಾದರೆ, ಆ ವಾಹನಗಳ ಗಾಂಭೀರ್ಯವೂ ನಿಶ್ಶಬ್ದತೆಯೂ ಕಟ್ಟಕಡೆಗೆ ಆಶ್ರಯಿಸಿರುವುದು ಯಾರ ದೃಷ್ಟಿಗೂ ಬೀಳದಂತೆ ಅಡಗಿರುವ, ಅಂಗೈಯೊಳಗೆ ಹಿಡಿಯಬಹುದಾದ ಕೆಲವು ರಬ್ಬರ್ ಬಿಲ್ಲೆಗಳನ್ನು ಎಂದೇ ಹೇಳಬೇಕಾಗುತ್ತದೆ. ಚಕ್ರಗಳನ್ನೂ ಎಂಜಿನ್ನನ್ನೂ ಹೊತ್ತ ಉಕ್ಕಿನ ಚೌಕಟ್ಟು ಕೆಳಗೆ, ಜನರು ಕುಳಿತುಕೊಳ್ಳುವ ತಗಡಿನ ಒಡಲು ಮೇಲೆ. ಇವೆರಡರ ನಡುವೆ ಕುಳಿತು, ಕೆಳಗಿನ ನಡುಕವನ್ನು ಮೇಲಕ್ಕೆ ಬಿಡದೆ ತಾನೇ ಹೀರಿಕೊಳ್ಳುವ ಈ ಬಿಲ್ಲೆಯೇ ಬಾಡಿ ಮೌಂಟ್. ಅದರ ಇತಿಹಾಸವು ಅಲ್ಪವಾದುದಾದರೂ, ಬಾಗುವ, ಸವೆಯುವ, ಸವೆದಾಗ ಬದಲಿಸಬಹುದಾದ ಭಾಗವೊಂದನ್ನು ತನ್ನೊಳಗೆ ಇರಿಸಿಕೊಂಡ ವಸ್ತುವೇ ದೀರ್ಘಾಯುವಾಗುತ್ತದೆಂಬ ಒಂದು ದೊಡ್ಡ ವಿವೇಕವನ್ನು ಅದು ಒಳಗೊಂಡಿದೆ.

ಚೌಕಟ್ಟನ್ನೂ ಒಡಲನ್ನೂ ಬೇರೆಬೇರೆಯಾಗಿ ನಿರ್ಮಿಸುವ ಪದ್ಧತಿಯು ಮೋಟಾರಿನೊಡನೆ ಹುಟ್ಟಿದುದಲ್ಲ. ಅದು ಕುದುರೆ ಸಾರೋಟುಗಳನ್ನು ಕಟ್ಟುತ್ತಿದ್ದವರಿಂದ ಪರಂಪರೆಯಾಗಿ ಬಂದುದು. ಎಂಜಿನ್, ಅಚ್ಚು, ಚಕ್ರ ಮೊದಲಾದವುಗಳನ್ನು ಕೂಡಿಸಿದ ಚಾಸಿಸನ್ನು ಒಬ್ಬರು ಸಿದ್ಧಪಡಿಸಿದರೆ, ಅದರ ಮೇಲೆ ಮರದ ಎಲುಬುಗಳನ್ನು ನಿಲ್ಲಿಸಿ, ತಗಡು ಹೊದಿಸಿ, ಬಣ್ಣ ಬಳಿದು, ಚರ್ಮದ ಆಸನಗಳನ್ನು ಅಳವಡಿಸುವ ಕೆಲಸವು ಸಾರೋಟಿನ ಕುಶಲಕರ್ಮಿಗಳ ಪಾಲಿಗೆ ಬರುತ್ತಿತ್ತು. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆಯು ಎರಡನೆಯ ಮಹಾಯುದ್ಧದವರೆಗೂ ಗಿರಾಕಿಗಳಿಗೆ ಚಾಸಿಸನ್ನು ಮಾತ್ರ ಮಾರಿ, ಒಡಲನ್ನು ಅವರು ಮೆಚ್ಚಿದ ಕರ್ಮಶಾಲೆಯಲ್ಲಿ ಕಟ್ಟಿಸಿಕೊಳ್ಳಲು ಬಿಡುತ್ತಿತ್ತು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1908ರಲ್ಲಿ ಫಿಶರ್ ಸೋದರರು ಒಡಲುಗಳನ್ನು ನಿರ್ಮಿಸುವುದಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1926ರಲ್ಲಿ ಅದು ಸಂಪೂರ್ಣವಾಗಿ ಜನರಲ್ ಮೋಟಾರ್ಸ್ ಸಂಸ್ಥೆಯ ವಶವಾದ ಮೇಲೂ, ಲಕ್ಷಾಂತರ ಕಾರುಗಳ ಬಾಗಿಲಿನ ಅಡಿಪಟ್ಟಿಯ ಮೇಲೆ ಅವರ ಲಾಂಛನವಾದ ರಾಜವೈಭವದ ಸಾರೋಟಿನ ಚಿತ್ರವು ದಶಕಗಳ ಕಾಲ ರಾರಾಜಿಸುತ್ತಿತ್ತು.

ಈ ದ್ವಿಭಾಗ ರಚನೆಗೆ ಒಂದು ಸಹಜವಾದ ಕ್ಲೇಶವಿದ್ದಿತು. ಹಳ್ಳದಿಣ್ಣೆಗಳ ಹಾದಿಯಲ್ಲಿ ಒಂದು ಚಕ್ರವು ಏರಿ ಇನ್ನೊಂದು ಇಳಿದಾಗ ಚೌಕಟ್ಟು ತಿರುಚಿಕೊಳ್ಳುತ್ತದೆ. ಅದಕ್ಕೆ ಬಿಗಿದ ಒಡಲೂ ಅದರೊಡನೆ ತಿರುಚಿಕೊಂಡಾಗ ಮರದ ಕೀಲುಗಳು ಸಡಿಲವಾಗಿ ಕಿರುಗುಟ್ಟತೊಡಗುತ್ತವೆ, ಬಾಗಿಲುಗಳು ಸರಿಯಾಗಿ ಮುಚ್ಚದಂತಾಗುತ್ತವೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿ ತಯಾರಾದ ಫೋರ್ಡ್ ಮಾಡೆಲ್ ಟಿ ವಾಹನವು ಇಂಥ ಹಾದಿಗಳಿಗಾಗಿಯೇ ಹುಟ್ಟಿದುದಾದ್ದರಿಂದ, ಅದರ ಚೌಕಟ್ಟು ಬಳುಕುವುದು ದೋಷವಾಗಿರದೆ ಗುಣವೇ ಆಗಿದ್ದಿತು. ಅದರ ತರುವಾಯ ಬಂದ ಮಾಡೆಲ್ ಎ ವಾಹನದಲ್ಲಿ ಒಡಲಿಗೂ ಚೌಕಟ್ಟಿಗೂ ನಡುವೆ ಮರದ ತುಂಡುಗಳನ್ನೂ ರಬ್ಬರಿನ ಹಾಳೆಗಳನ್ನೂ, ಉಕ್ಕಿಗೆ ಉಕ್ಕು ಉಜ್ಜಿ ಸದ್ದಾಗದಿರಲೆಂದು ದಪ್ಪನೆಯ ನೇಯ್ಗೆಪಟ್ಟಿಯನ್ನೂ ಇರಿಸುತ್ತಿದ್ದರು. ಯುರೋಪಿನಲ್ಲಿ ಚಾರ್ಲ್ಸ್ ವೇಮನ್ ಎಂಬಾತನು 1920ರ ದಶಕದಲ್ಲಿ, ಮರಕ್ಕೆ ಮರ ತಾಗದಂತೆ ಉಕ್ಕಿನ ಪಟ್ಟಿಗಳಿಂದ ಸಂಧಿಸಿ, ತಗಡಿಗೆ ಬದಲಾಗಿ ಬಟ್ಟೆಯನ್ನು ಹೊದಿಸಿ, ಬಳುಕಿದರೂ ಸದ್ದುಮಾಡದ ಒಡಲುಗಳನ್ನು ನಿರ್ಮಿಸಿ ಪ್ರಸಿದ್ಧನಾದನು.

ಅಷ್ಟರಲ್ಲಿ ಮರದ ಯುಗವೇ ಅಸ್ತಮಿಸುತ್ತಿದ್ದಿತು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಎಂಬುವನು ಉಕ್ಕಿನ ಹಾಳೆಗಳನ್ನು ಒತ್ತಿ ಬೆಸೆದು ಮಾಡಿದ ಒಡಲುಗಳನ್ನು ಡಾಡ್ಜ್ ಸೋದರರು 1914ರಲ್ಲಿ ಸ್ವೀಕರಿಸಿದರು. ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಉಕ್ಕಿನ ಒಡಲು ಸಾರ್ವತ್ರಿಕವಾಯಿತು. ಉಕ್ಕಿನ ಒಡಲು ಮರದಂತೆ ಶಿಥಿಲವಾಗದು, ನಿಜ. ಆದರೆ ಎಂಜಿನ್ನಿನ ಕಂಪನವೂ ರಸ್ತೆಯ ಘರ್ಷಣೆಯೂ ಅದನ್ನು ಮುಟ್ಟಿದೊಡನೆ ಅದು ನಗಾರಿಯಂತೆ ಅನುರಣಿಸುತ್ತದೆ. ಆದಕಾರಣ ಇವೆರಡರ ನಡುವೆ ಮೃದುವಾದರೂ ಭಾರವನ್ನು ತಾಳಬಲ್ಲ ಒಂದು ದ್ರವ್ಯವು ಅನಿವಾರ್ಯವಾಯಿತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ, ಗಂಧಕವನ್ನು ಬೆರೆಸಿ ಕಾಯಿಸಿ ಹದಗೊಳಿಸಿದ ರಬ್ಬರು ಈ ಕಾರ್ಯಕ್ಕೆ ಯೋಗ್ಯವಾಗಿ ಒದಗಿತು. 1931ರಲ್ಲಿ ಕ್ರೈಸ್ಲರ್ ಸಂಸ್ಥೆಯು ತನ್ನ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ತೂಗಿಬಿಟ್ಟು, ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಿಂದ ಆ ವ್ಯವಸ್ಥೆಯನ್ನು ಜಗತ್ತಿಗೆ ಸಾರಿದಾಗ, ನಾಲ್ಕು ಸಿಲಿಂಡರಿನ ಒರಟು ಎಂಜಿನ್ನೂ ಸೌಮ್ಯವಾಗಬಲ್ಲುದೆಂಬುದು ಎಲ್ಲರಿಗೂ ಮನದಟ್ಟಾಯಿತು. ಎಂಜಿನ್ನಿಗೆ ಸಲ್ಲುವ ಉಪಚಾರವು ಒಡಲಿಗೂ ಸಲ್ಲತಕ್ಕದ್ದೇ ಅಲ್ಲವೇ?

ಈ ಕಲೆಯು ಪರಾಕಾಷ್ಠೆಯನ್ನು ಮುಟ್ಟಿದುದು 1960ರ ದಶಕದ ಮಧ್ಯಭಾಗದಲ್ಲಿ. 1958ರಿಂದ ನಡುವಿನಲ್ಲಿ ಕೂಡುವ ಕತ್ತರಿಯಾಕಾರದ ಚೌಕಟ್ಟನ್ನು ಬಳಸುತ್ತಿದ್ದ ಷೆವ್ರೊಲೆಯ ದೊಡ್ಡ ಕಾರುಗಳು 1965ರಲ್ಲಿ ಅದನ್ನು ತ್ಯಜಿಸಿ, ಒಡಲಿನ ಅಂಚನ್ನು ಸುತ್ತುವರಿದು ಸಾಗುವ ಪರಿಧಿಚೌಕಟ್ಟನ್ನು ಸ್ವೀಕರಿಸಿದವು. ಅದೇ ವರ್ಷ ಫೋರ್ಡಿನ ದೊಡ್ಡ ಕಾರುಗಳೂ ಅಂಥದೇ ಚೌಕಟ್ಟನ್ನು ಧರಿಸಿ ಬಂದವು. ಈ ಚೌಕಟ್ಟು ತಾನು ಕಿಂಚಿತ್ ಬಳುಕಿ, ರಬ್ಬರ್ ಬಿಲ್ಲೆಗಳ ಮೃದುತ್ವದ ಸಹಾಯದಿಂದ ರಸ್ತೆಯ ಪೆಟ್ಟುಗಳನ್ನು ಒಡಲಿಗೆ ತಲುಪುವ ಮೊದಲೇ ಶಮನಗೊಳಿಸುತ್ತಿದ್ದಿತು. ತನ್ನ ಎಲ್‌ಟಿಡಿ ಕಾರು ರೋಲ್ಸ್ ರಾಯ್ಸಿಗಿಂತಲೂ ನಿಶ್ಶಬ್ದವೆಂದು ಫೋರ್ಡ್ ಸಂಸ್ಥೆಯು ಆ ವರ್ಷ ಜಾಹೀರಾತುಗಳಲ್ಲಿ ಘೋಷಿಸಿದುದು ಪ್ರಸಿದ್ಧವೇ ಆಗಿದೆ. ಸಾಮಾನ್ಯ ಗೃಹಸ್ಥನ ಕಾರಿಗೆ ಇಂಥ ಹೆಮ್ಮೆಯ ಮಾತನ್ನು ಆಡುವ ಧೈರ್ಯ ಬಂದುದರಲ್ಲಿ ಆ ಬಿಲ್ಲೆಗಳ ಪಾಲು ಅಲ್ಪವಾದುದಲ್ಲ.

ಆದರೆ ರಬ್ಬರು ಉಕ್ಕಿನಂತೆ ಚಿರಕಾಲ ಬಾಳುವುದಲ್ಲ. ಒಡಲಿನ ಭಾರವನ್ನು ದಶಕಗಟ್ಟಲೆ ಹೊತ್ತು ಅದು ಚಪ್ಪಟೆಯಾಗುತ್ತದೆ. ಎಂಜಿನ್ನಿನಿಂದ ಜಿನುಗಿದ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಗಾಳಿಯಲ್ಲಿರುವ ಓಜೋನು ಅದರ ಅಣುಸರಪಳಿಗಳನ್ನು ಕಡಿದು ಮೈಮೇಲೆ ಬಿರುಕುಗಳನ್ನು ಮೂಡಿಸುತ್ತದೆ. 1950ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ವಿಷಮಂಜಿನ ಕಾರಣವನ್ನು ಅರಸುತ್ತಿದ್ದ ರಸಾಯನಶಾಸ್ತ್ರಜ್ಞ ಆರೀ ಹಾಗೆನ್-ಸ್ಮಿಟ್, ಬಗ್ಗಿಸಿ ಕಟ್ಟಿದ ರಬ್ಬರ್ ಪಟ್ಟಿಗಳು ಬಿರಿಯುವ ಪರಿಯಿಂದಲೇ ಗಾಳಿಯ ಓಜೋನನ್ನು ಅಳೆದನು. ವಾಹನಗಳು ಉಗುಳಿದ ಹೊಗೆಯೇ ಬಿಸಿಲಿನಲ್ಲಿ ಪಾಕಗೊಂಡು ಆ ಅನಿಲವನ್ನು ಉತ್ಪಾದಿಸುತ್ತದೆಂಬುದನ್ನೂ ಅವನೇ ತೋರಿಸಿಕೊಟ್ಟನು. ಕಾರಿನ ಉಸಿರೇ ಕಾರಿನ ರಬ್ಬರನ್ನು ಕ್ಷಯಗೊಳಿಸುತ್ತಿದ್ದಿತೆಂದಾಯಿತು. ಬಿಲ್ಲೆಗಳು ಕುಸಿದಾಗ ಒಡಲು ಒಂದು ಕಡೆಗೆ ಜಗ್ಗುತ್ತದೆ, ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ, ಹಳ್ಳ ಬಂದಾಗಲೆಲ್ಲ ನೆಲದಡಿಯಿಂದ ಲೋಹ ಲೋಹವನ್ನು ಬಡಿಯುವ ಸದ್ದು ಕೇಳಿಬರುತ್ತದೆ.

ಇವುಗಳನ್ನು ಮನೆಯಂಗಳದಲ್ಲಿಯೇ ಬದಲಿಸುವ ಸಂಪ್ರದಾಯವು ಹಳೆಯ ಕಾರುಗಳ ಆರಾಧಕರಲ್ಲಿ ಬೆಳೆದು ಬಂದುದಕ್ಕೆ ಆ ರಚನೆಯ ಸರಳತೆಯೇ ಕಾರಣ. ಪ್ರತಿಯೊಂದು ಸ್ಥಾನದಲ್ಲಿಯೂ ಚೌಕಟ್ಟಿನ ಮೇಲೊಂದು, ಕೆಳಗೊಂದು ಹೀಗೆ ಎರಡು ರಬ್ಬರುಗಳು. ಅವುಗಳ ನಡುವಿನ ರಂಧ್ರದಲ್ಲಿ ಬಿಗಿತವು ಮಿತಿಮೀರದಂತೆ ತಡೆಯುವ ಉಕ್ಕಿನ ಕೊಳವೆ. ಎಲ್ಲವನ್ನೂ ಕೋದು ಒಡಲಿಗೆ ಸೇರುವ ಒಂದು ಉದ್ದ ಬೋಲ್ಟು. ಬಲ್ಲವರು ಕೆಲಸಕ್ಕೆ ಹಲವು ದಿನಗಳ ಮೊದಲಿನಿಂದಲೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಉಣಿಸುತ್ತಾರೆ. ಏಕೆಂದರೆ ಅವಸರದಿಂದ ತಿರುಗಿಸಿದರೆ ಬೋಲ್ಟು ತುಂಡಾಗುವುದು, ಇಲ್ಲವೇ ಒಡಲಿನ ಒಳಗೆ ತಗಡಿನ ಗೂಡಿನಲ್ಲಿ ಕುಳಿತ ನಟ್ಟು ಗೂಡನ್ನೇ ಹರಿದುಕೊಂಡು ತಾನೂ ತಿರುಗತೊಡಗುವುದು. ಆಗ ರತ್ನಗಂಬಳಿಯನ್ನು ಸರಿಸಿ ನೆಲದ ತಗಡನ್ನೇ ಕತ್ತರಿಸಿ ಅದನ್ನು ಹಿಡಿಯಬೇಕಾಗುತ್ತದೆ. ವಾಹನವನ್ನು ಸಮತಟ್ಟಾದ ನೆಲದ ಮೇಲೆ, ಚೌಕಟ್ಟಿಗೆ ಭದ್ರವಾದ ಆಧಾರಗಳನ್ನು ಕೊಟ್ಟು ನಿಲ್ಲಿಸಿ, ಎರಡು ಪಕ್ಕದ ಬೋಲ್ಟುಗಳನ್ನೂ ಸಡಿಲಿಸಿ, ಒಂದು ಪಕ್ಕದವನ್ನು ಮಾತ್ರ ಪೂರ್ತಿಯಾಗಿ ತೆಗೆದು, ಇನ್ನೊಂದು ಪಕ್ಕದವು ಒಡಲನ್ನು ಅದರ ಸ್ಥಾನದಲ್ಲಿ ಹಿಡಿದಿರುವಂತೆ ಬಿಡುವುದು ಕ್ರಮ. ತರುವಾಯ ಜಾಕಿಗೂ ಒಡಲಿಗೂ ನಡುವೆ ಅಗಲವಾದ ಹಲಗೆಯೊಂದನ್ನಿಟ್ಟು, ಹಳೆಯ ರಬ್ಬರು ಹೊರಬರುವಷ್ಟು ಮಾತ್ರ, ಮೆಲ್ಲಮೆಲ್ಲನೆ ಎತ್ತುತ್ತಾರೆ. ಎತ್ತುವಾಗ ಸ್ಟೀರಿಂಗ್ ದಂಡದ ಕೀಲು, ರೇಡಿಯೇಟರ್ ಫ್ಯಾನಿನ ಸುತ್ತಣ ಕವಚ, ಪೆಟ್ರೋಲು ತುಂಬುವ ಕೊಳವೆ, ಹ್ಯಾಂಡ್ ಬ್ರೇಕಿನ ತಂತಿ, ಗೇರಿನ ಸಲಾಕಿ ಇವೆಲ್ಲವನ್ನೂ ನೋಡುತ್ತಿರಬೇಕು. ಚೌಕಟ್ಟಿಗೂ ಒಡಲಿಗೂ ಸೇರಿದ ಈ ಅಂಗಗಳು ಒಡಲು ಏರಿದಂತೆಲ್ಲ ಎಳೆತಕ್ಕೆ ಸಿಲುಕುತ್ತವೆ. ಜಾಕೊಂದನ್ನೇ ನಂಬಿ ಎರಡರ ನಡುವೆ ಕೈಯಿಡುವುದು ಸರ್ವಥಾ ನಿಷಿದ್ಧ. ಗಟ್ಟಿ ಮರದ ತುಂಡುಗಳನ್ನು ಕೊಟ್ಟ ಮೇಲೆಯೇ ಕೈ ಹಾಕತಕ್ಕದ್ದು.

ಕಾರ್ಖಾನೆಯವರು ಬಾಗಿಲುಗಳ ಹೊಂದಿಕೆಗಾಗಿ ಕೆಲವು ಸ್ಥಾನಗಳಲ್ಲಿ ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸಿರುತ್ತಾರೆ. ಅವು ಎಲ್ಲಿ ಎಷ್ಟಿದ್ದವೆಂಬುದನ್ನು ಬರೆದಿಟ್ಟುಕೊಂಡು ಮರಳಿ ಅಲ್ಲಿಯೇ ಇರಿಸುವವನೇ ಜಾಣ. ಹೊಸ ರಬ್ಬರುಗಳನ್ನಿಟ್ಟು, ಬೋಲ್ಟುಗಳೆಲ್ಲವನ್ನೂ ಮೊದಲು ಕೈಯಿಂದಲೇ ಹಿಡಿಸಿ, ಎರಡನೆಯ ಪಕ್ಕವನ್ನೂ ಹಾಗೆಯೇ ಮುಗಿಸಿ, ಒಡಲಿನ ಪೂರ್ಣ ಭಾರವು ಅವುಗಳ ಮೇಲೆ ನೆಲೆಗೊಂಡು ಬಾಗಿಲ ಸಂದುಗಳು ಸಮನಾದ ಬಳಿಕವೇ ಕಡೆಯ ಬಿಗಿತವನ್ನು ಕೊಡತಕ್ಕದ್ದು. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಅವನ ಸಹೋದ್ಯೋಗಿಗಳ ಸಂಶೋಧನೆಯಿಂದ ಜನಿಸಿದ ಪಾಲಿಯುರಿಥೇನಿನಿಂದ ಮಾಡಿದ ಬಿಲ್ಲೆಗಳೂ ಇಂದು ದೊರೆಯುತ್ತವೆ. ಅವು ಎಣ್ಣೆಗೂ ಓಜೋನಿಗೂ ಸುಲಭವಾಗಿ ಮಣಿಯವು, ತಿರುವುಗಳಲ್ಲಿ ಕಾರನ್ನು ಹೆಚ್ಚು ದೃಢವಾಗಿಡುವವು. ಆದರೆ ಸಾಮಾನ್ಯವಾಗಿ ರಬ್ಬರಿಗಿಂತ ಗಡುಸಾದ್ದರಿಂದ ಕಂಪನವನ್ನು ಅಷ್ಟಿಷ್ಟು ಮೇಲಕ್ಕೆ ಬಿಟ್ಟೇ ಬಿಡುವವು. ನಿಶ್ಶಬ್ದತೆಗಾಗಿಯೇ ನಿರ್ಮಿತವಾದ ವಾಹನಕ್ಕೆ ಹಿಂದಿನ ಹದದ ರಬ್ಬರೇ ಉಚಿತವೆಂಬುದು ನನ್ನ ದೃಢವಾದ ಅಭಿಪ್ರಾಯ; ಹೆಚ್ಚು ಬಾಳುವ ಬಿಲ್ಲೆಗಿಂತ ಹೆಚ್ಚು ಬಾಗುವ ಬಿಲ್ಲೆಯೇ ಅಲ್ಲಿ ತನ್ನ ಧರ್ಮವನ್ನು ನೆರವೇರಿಸುತ್ತದೆ.

ಕಾಲಪ್ರವಾಹವು ಬೇರೊಂದು ದಿಕ್ಕಿಗೆ ಹರಿಯಿತು. ಇಟಲಿಯ ಲಾನ್ಸಿಯಾ ಲಾಂಬ್ಡಾ 1922ರಲ್ಲಿಯೂ, ಫ್ರಾನ್ಸಿನ ಸಿಟ್ರೊಯೆನ್ 1934ರಲ್ಲಿಯೂ, ಅಮೆರಿಕದ ನ್ಯಾಶ್ 1941ರಲ್ಲಿಯೂ ಒಡಲೇ ಚೌಕಟ್ಟಾಗಿರುವ ಏಕಾಂಗ ರಚನೆಯನ್ನು ಎತ್ತಿಹಿಡಿದವು. 1960ರಲ್ಲಿ ಕ್ರೈಸ್ಲರ್ ಸಂಸ್ಥೆಯ ಬಹುತೇಕ ಕಾರುಗಳು ಅದೇ ಹಾದಿ ಹಿಡಿದವು. ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯು ಮೊದಮೊದಲು ಜೋಡಿಸಿದ ಡಾಡ್ಜ್, ಪ್ಲಿಮತ್ ಕಾರುಗಳು ಪ್ರತ್ಯೇಕ ಚೌಕಟ್ಟಿನವಾಗಿದ್ದರೂ, ನಮ್ಮ ದೇಶದ ಮಧ್ಯಮವರ್ಗವು ಅರ್ಧಶತಮಾನ ಕಾಲ ಕಂಡ ಅಂಬಾಸಡರ್ ಮತ್ತು ಫಿಯೆಟ್ ಕಾರುಗಳು ಏಕಾಂಗ ರಚನೆಯವೇ ಆಗಿದ್ದವು. ಹಗುರತೆಯಲ್ಲಿಯೂ ಇಂಧನದ ಮಿತವ್ಯಯದಲ್ಲಿಯೂ ಈ ರಚನೆಯ ಶ್ರೇಷ್ಠತೆಯನ್ನು ಯಾರೂ ಅಲ್ಲಗಳೆಯಲಾರರು. ಅಮೆರಿಕ ಖಂಡದಲ್ಲಿ ಪ್ರತ್ಯೇಕ ಚೌಕಟ್ಟಿನ ದೊಡ್ಡ ಸೆಡಾನುಗಳ ಪರಂಪರೆಯು 2011ರ ಸೆಪ್ಟೆಂಬರಿನಲ್ಲಿ, ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕಡೆಯ ಕ್ರೌನ್ ವಿಕ್ಟೋರಿಯಾ ಹೊರಬಂದುದರೊಡನೆ ಮುಗಿಯಿತು. ಲಾರಿ, ಜೀಪುಗಳಲ್ಲಿ ಮಾತ್ರ ಹಳೆಯ ಪದ್ಧತಿ ಇನ್ನೂ ಬಾಳುತ್ತಿದೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದ ಇನ್ನೋವಾ ಕ್ರಿಸ್ಟಾವೂ, ಏಕಾಂಗ ರಚನೆಯ ಇನ್ನೋವಾ ಹೈಕ್ರಾಸೂ ಒಂದೇ ಹೆಸರಿನಡಿ ತಯಾರಾಗಿರುವುದು ಈ ಸಂಧಿಕಾಲಕ್ಕೆ ಪ್ರತ್ಯಕ್ಷ ನಿದರ್ಶನವಾಗಿದೆ.

ಏಕಾಂಗ ರಚನೆಯಲ್ಲಿ ಉಕ್ಕು ಶಿಥಿಲವಾದರೆ ವಾಹನದ ಬೆನ್ನೆಲುಬೇ ಶಿಥಿಲವಾದಂತೆ. ಅದರ ಚಿಕಿತ್ಸೆಗೆ ಕತ್ತರಿಸಿ ಬೆಸೆಯಬಲ್ಲ ನಿಪುಣರೂ ವಿಶೇಷ ಸಲಕರಣೆಗಳೂ ಬೇಕು. ದ್ವಿಭಾಗ ರಚನೆಯಲ್ಲಾದರೋ, ಆಯಾಸವನ್ನೆಲ್ಲ ಒಂದು ಅಗ್ಗದ ಬಿಲ್ಲೆಯು ಹೊರುತ್ತದೆ, ಮತ್ತು ಆ ಬಿಲ್ಲೆಯನ್ನು ಜಾಕು, ಪಾನ, ಹಲಗೆ, ತಾಳ್ಮೆ ಇಷ್ಟನ್ನುಳ್ಳ ಯಾವ ಗೃಹಸ್ಥನಾದರೂ ಬದಲಿಸಬಲ್ಲನು. ಅರುವತ್ತು ವರ್ಷದ ಕಾರುಗಳು ಇಂದಿಗೂ ಹಾದಿಯಲ್ಲಿ ಸಂಚರಿಸುತ್ತಿದ್ದರೆ ಅದಕ್ಕೆ ಅವುಗಳ ಉಕ್ಕು ದಪ್ಪವಾಗಿದ್ದುದೊಂದೇ ಕಾರಣವಲ್ಲ. ಯಾವುದು ಮೊದಲು ಸವೆಯಬೇಕೆಂಬುದನ್ನು ಅವುಗಳ ನಿರ್ಮಾಪಕರು ನಿರ್ಧರಿಸಿ, ಅದನ್ನು ಬೋಲ್ಟು ಬಿಚ್ಚಿ ತೆಗೆಯುವಂತೆ ಇರಿಸಿದ್ದುದೂ ಕಾರಣ. ಮುಂದಿನ ವಾಹನಗಳು ಯಾವ ಶಕ್ತಿಯಿಂದ ಓಡಿದರೂ, ಅವುಗಳನ್ನು ರೂಪಿಸುವವರು ಒಡೆಯನ ಕೈಗೆ ಎಟಕುವ ಇಂಥ ಕೆಲವು ಭಾಗಗಳನ್ನು ಉಳಿಸಿಕೊಟ್ಟರೆ, ಆ ವಾಹನಗಳಿಗೂ ಮೂರು ತಲೆಮಾರುಗಳ ಆಯುಷ್ಯವು ಲಭಿಸೀತು.