ಗಾಡಿ ಒಂದು ಕಡೆ ಎಳೆಯುವುದರ ಹಿಂದಿನ ಕಥೆ

ಎರಡು ಚಕ್ರದ ಎತ್ತಿನ ಗಾಡಿಗೆ ಸ್ಟೀರಿಂಗ್ ಬೇಕಿಲ್ಲ, ಎತ್ತು ತಿರುಗಿದತ್ತ ಗಾಡಿ ತಿರುಗುತ್ತದೆ. ತೊಡಕು ಬಂದಿದ್ದು ನಾಲ್ಕು ಚಕ್ರದ ಗಾಡಿಗೆ.

ಯುರೋಪಿನ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ತಿರುಗುತ್ತಿತ್ತು. ಒಂದು ಚಕ್ರ ಕಲ್ಲಿಗೆ ಬಡಿದರೆ ಅಚ್ಚೇ ಆ ಕಡೆ ವಾಲುತ್ತಿತ್ತು. ಗಕ್ಕನೆ ತಿರುಗಿಸಿದರೆ ಸಾರೋಟು ಮಗುಚುವ ಭಯ. ಮ್ಯೂನಿಕ್‌ನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್ ಇದಕ್ಕೆ ದಾರಿ ಹುಡುಕಿದರು: ಅಚ್ಚು ಅಲುಗದೆ ನಿಲ್ಲಲಿ, ತುದಿಯ ಚಕ್ರಗಳಷ್ಟೇ ತಿರುಗಲಿ. 1818ರಲ್ಲಿ ಇಂಗ್ಲೆಂಡಿನಲ್ಲಿ ಇದರ ಪೇಟೆಂಟ್ ಪಡೆದವರು ರುಡಾಲ್ಫ್ ಆಕರ್ಮನ್. ಹಾಗಾಗಿ ಹೆಸರು ಆಕರ್ಮನ್ನರದೇ ಉಳಿಯಿತು.

ಆದರೂ 1886ರಲ್ಲಿ ಪೇಟೆಂಟ್ ಆದ ಕಾರ್ಲ್ ಬೆಂಜ್ ಅವರ ಮೋಟಾರು ಗಾಡಿಗೆ ಇದ್ದದ್ದು ಮೂರೇ ಚಕ್ರ. ನಾಲ್ಕು ಚಕ್ರವನ್ನು ಸರಿಯಾಗಿ ತಿರುಗಿಸುವ ಏರ್ಪಾಡು ಅವರ ಕೈಗೆ ಹತ್ತಿದ್ದು 1893ರಲ್ಲಿ.

ನಾವು ಇಂದು ಓಡಿಸುವ ಜೀಪು, ಟ್ರ್ಯಾಕ್ಟರ್‌ಗಳಲ್ಲೂ ಮುಂದಿನ ಎರಡು ಚಕ್ರ ಬೇರೆ ಬೇರೆ ತಿರುಗುತ್ತವೆ. ಅವುಗಳನ್ನು ಜೊತೆಗೂಡಿಸುವುದು ಟೈ ರಾಡ್. ಅದರ ತುದಿಯ ಕೀಲು ಸವೆದರೆ ಜೊತೆ ತಪ್ಪಿ, ಗಾಡಿ ಅತ್ತಿತ್ತ ಅಲೆಯುತ್ತದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅಥವಾ ಒಂದೇ ಚಕ್ರದ ಬ್ರೇಕ್ ಹಿಡಿದುಕೊಂಡರೆ ಆ ಕಡೆಗೆ ಎಳೆಯುತ್ತದೆ.

ಸ್ಟೀರಿಂಗ್ ಬಿಗಿ ಹಿಡಿದು ಸಂಭಾಳಿಸುವುದು ನಮ್ಮಲ್ಲಿ ರೂಢಿ. ಕೀಲು ಕಳಚಿತೋ, ಎಷ್ಟು ಬಿಗಿ ಹಿಡಿದರೂ ಗಾಡಿ ಮಾತು ಕೇಳುವುದಿಲ್ಲ. ಮೊದಲು ಗಾಳಿ ನೋಡಿಸಿ. ಆಮೇಲೂ ಎಳೆದರೆ ಲೋಡು ಹಾಕುವ ಮುಂಚೆಯೇ ಮೆಕ್ಯಾನಿಕ್ ಹತ್ತಿರ ಹೋಗಿ.