ಪಿಯಾನೊ ಎಂಬ ವ್ಯಾಖ್ಯಾನಕಾರ: ಗಯಟೆಯ ಕವಿತೆ, ಶೂಬರ್ಟನ ಹಾಡು

ಕಾವ್ಯವನ್ನು ಹಾಡುವಾಗ ಸಂಗೀತವು ಪದ್ಯವನ್ನು ಅನುಸರಿಸಿದರೆ ಸಾಕೆ, ಅಥವಾ ಅದರ ಅರ್ಥವನ್ನು ತಾನೇ ವಿವರಿಸಬಹುದೆ? ಗಮಕ ಕಲೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಜರ್ಮನ್ ಭಾಷೆಯಲ್ಲಿ ಇದು ಬಹು ಸ್ಪಷ್ಟವಾಗಿ ಎದುರಾದದ್ದು ಗಯಟೆಯ ‘ಎರ್ಲ್‌ಕೋನಿಗ್’ ಎಂಬ ಕಥನಕವನವನ್ನು ಫ್ರಾನ್ಜ್ ಶೂಬರ್ಟ್ ಏಕಕಂಠಕ್ಕೂ ಪಿಯಾನೊಗೂ ಅಳವಡಿಸಿದಾಗ.

ಕವನದ ವಸ್ತು ಸರಳ. ಗಾಳಿ ಬೀಸುವ ರಾತ್ರಿಯಲ್ಲಿ ತಂದೆಯೊಬ್ಬ ಮಗನನ್ನು ತೋಳಿನಲ್ಲಿ ಹಿಡಿದು ಕುದುರೆಯ ಮೇಲೆ ಸಾಗುತ್ತಿದ್ದಾನೆ. ಮಗನಿಗೆ ಮಾಯಾರಾಜನೊಬ್ಬ ಕಾಣಿಸಿಕೊಂಡು ತನ್ನೆಡೆಗೆ ಕರೆಯುತ್ತಾನೆ. ತಂದೆಗೆ ಕಾಣುವುದು ಮಂಜು ಮಾತ್ರ. ಮನೆ ಸೇರುವ ಹೊತ್ತಿಗೆ ಮಗು ತೀರಿಕೊಂಡಿರುತ್ತದೆ. ನಾಲ್ಕು ಸಾಲುಗಳ 8 ಪದ್ಯಗಳಲ್ಲಿ ನಿರೂಪಕ, ತಂದೆ, ಮಗ, ಮಾಯಾರಾಜ ಎಂಬ ನಾಲ್ವರ ಮಾತುಗಳಿವೆ.

ಗಯಟೆ ಇದನ್ನು 1782ರಲ್ಲಿ ‘ದೀ ಫಿಷರಿನ್’ ಎಂಬ ಗೀತನಾಟಕಕ್ಕಾಗಿ ಬಳಸಿದನು. ವೈಮಾರ್ ಸಮೀಪದ ಟೀಫುರ್ಟ್‌ನಲ್ಲಿ, ಇಲ್ಮ್ ನದಿಯ ದಡದ ಬಯಲಿನಲ್ಲಿ, ಬೆಸ್ತರ ಹುಡುಗಿಯ ಪಾತ್ರ ವಹಿಸಿದ ಕೊರೋನಾ ಶ್ರೋಟರ್ ತಾನೇ ಕಟ್ಟಿದ ಸರಳ ಧಾಟಿಯಲ್ಲಿ ಇದನ್ನು ಹಾಡಿದಳು. ಎಲ್ಲ ಪದ್ಯಗಳಿಗೂ ಒಂದೇ ಧಾಟಿ. ಗಯಟೆಗೆ ಒಪ್ಪಿಗೆಯಾದ ಕ್ರಮವೂ ಇದೇ: ಧಾಟಿ ಬದಲಾಗದಿರಬೇಕು, ಪದ್ಯಪದ್ಯದ ಭಾವಭೇದವನ್ನು ಗಾಯಕನು ಉಚ್ಚಾರಣೆಯಿಂದಲೇ ತೋರಬೇಕು.

1815ರಲ್ಲಿ, 18ರ ಹರೆಯದಲ್ಲಿ, ಶೂಬರ್ಟ್ ಈ ಕ್ರಮವನ್ನು ಬಿಟ್ಟನು. ಅವನ ಪಿಯಾನೊ ಆರಂಭದಿಂದಲೇ ಒಂದೇ ಸ್ವರವನ್ನು ಮೂರು ಮೂರಾಗಿ ಬಡಿಯುತ್ತ ಕುದುರೆಯ ಓಟವನ್ನೂ ಒಳಗಿನ ಭಯವನ್ನೂ ಒಟ್ಟಿಗೆ ಕೇಳಿಸುತ್ತದೆ. ತಂದೆಯ ದನಿ ಮಂದ್ರದಲ್ಲಿ ನಿಲ್ಲುತ್ತದೆ. ಮಗನ ಕೂಗು ಪ್ರತಿ ಸಲವೂ ಮೇಲಿನ ಸ್ವರಕ್ಕೆ ಏರಿ, ಪಿಯಾನೊದೊಡನೆ ಕರ್ಕಶವಾಗಿ ಘರ್ಷಿಸುತ್ತದೆ. ಮಾಯಾರಾಜನು ಮಾತನಾಡುವಾಗ ಮಾತ್ರ ಸಂಗೀತ ಇಂಪಾಗುತ್ತದೆ. ಆ ಇಂಪೇ ಕೇಳುಗನನ್ನು ನಡುಗಿಸುತ್ತದೆ. ಕೊನೆಗೆ ಓಟ ನಿಂತು, ಮರಣದ ಸುದ್ದಿ ಬಹುಮಟ್ಟಿಗೆ ಬರಿಯ ಮಾತಾಗಿ ಹೊರಬೀಳುತ್ತದೆ.

1816ರಲ್ಲಿ ಗೆಳೆಯ ಸ್ಪೌನ್ ಈ ಹಾಡನ್ನೂ ಒಳಗೊಂಡ ಹಸ್ತಪ್ರತಿಯನ್ನು ಗಯಟೆಗೆ ಕಳುಹಿಸಿದನು. ಅಭಿಪ್ರಾಯದ ಒಂದು ಮಾತೂ ಇಲ್ಲದೆ ಅದು ಹಿಂದಿರುಗಿತು. 1821ರ ಮಾರ್ಚ್ 7ರಂದು ವಿಯೆನ್ನಾದ ರಂಗಮಂದಿರವೊಂದರಲ್ಲಿ ಯೋಹಾನ್ ಮಿಖಾಯೆಲ್ ಫೋಗ್ಲ್ ಅದನ್ನು ಹಾಡಿದನು. ಅದೇ ವರ್ಷ ಅದು ಶೂಬರ್ಟನ ಮೊದಲ ಕ್ರಮಾಂಕದ ಕೃತಿಯಾಗಿ ಅಚ್ಚಾಯಿತು. ಗಾಯಕಿ ಶ್ರೋಡರ್-ದೇವ್ರಿಯೆಂಟ್ 1830ರಲ್ಲಿ ಅದನ್ನು ವೃದ್ಧ ಗಯಟೆಯ ಎದುರಿನಲ್ಲಿ ಹಾಡಿದಾಗ ಅವನು ಮೆಚ್ಚಿದನೆಂದು ಹೇಳಲಾಗಿದೆ. ಶೂಬರ್ಟ್ ತೀರಿಕೊಂಡು ಆಗಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು.

ಗಯಟೆಯ ಮೌನವನ್ನು ಹಳಬನೊಬ್ಬನ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಗಮಕದ ಕಡೆಯಿಂದ ನೋಡಿದರೆ ಅವನ ನಿಲುವಿನ ಬಲ ತಿಳಿಯುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ವಾಚಿಸುವಾಗ ಪದಚ್ಛೇದವೂ ಅರ್ಥಸ್ಪಷ್ಟತೆಯೂ ಮೊದಲು, ರಾಗ ಆಮೇಲೆ. ಆದರೂ ಅಲ್ಲಿ ರಸಕ್ಕೆ ತಕ್ಕಂತೆ ರಾಗ ಬದಲಾಗುತ್ತದೆ; ಛಂದಸ್ಸು ಮಾತ್ರ ಬದಲಾಗದು. ಗಯಟೆ ಬಯಸಿದ ಶಿಸ್ತಿಗೂ ಶೂಬರ್ಟ್ ಪಡೆದ ಸ್ವಾತಂತ್ರ್ಯಕ್ಕೂ ನಡುವೆ ಗಮಕವಿದೆ.

ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನಿರುತ್ತಾನೆ. ವಾಚನ ನಿಂತ ಮೇಲೆ ಅವನು ಪದ್ಯದ ಒಳದನಿಯನ್ನು ಬಿಡಿಸಿ ಹೇಳುತ್ತಾನೆ. ಶೂಬರ್ಟನ ಪಿಯಾನೊ ಮಾಡುವುದೂ ಅದೇ ಕೆಲಸ, ಆದರೆ ಮಾತಿಲ್ಲದೆ, ಹಾಡುತ್ತಿರುವಾಗಲೇ. ಗಮಕದಲ್ಲಿ ಪದ್ಯವನ್ನೂ ವ್ಯಾಖ್ಯಾನವನ್ನೂ ಬೇರೆ ಬೇರೆಯಾಗಿ ಕೇಳಿ, ಕೇಳುಗನು ತನ್ನದೇ ಅರ್ಥವನ್ನು ಕಂಡುಕೊಳ್ಳಬಲ್ಲನು. ಶೂಬರ್ಟನ ಹಾಡಿನಲ್ಲಿ ಆ ಬಿಡುವಿಲ್ಲ. ಅದನ್ನು ಒಮ್ಮೆ ಕೇಳಿದವನಿಗೆ ಆ ಕುದುರೆಯ ಸದ್ದಿಲ್ಲದೆ ಗಯಟೆಯ ಕವನವನ್ನು ಓದುವುದು ಕಷ್ಟ.